ಡೇವಿಡ್‌ನನ್ನು ಎಲ್ಲಿ ನಿಲ್ಲಿಸೋಣ?

ಕಲ್ಲು ಫ್ಲಾರೆನ್ಸಿಗೆ ಬಂದಾಗ ಅದನ್ನು ಕೆತ್ತಬೇಕಾದವನು ಇನ್ನೂ ಹುಟ್ಟಿರಲಿಲ್ಲ. ಕರಾರಾ ಬೆಟ್ಟದ ಗಣಿಯಲ್ಲಿ 1460ರ ದಶಕದ ನಡುವೆ ಒಂದೇ ತುಂಡಾಗಿ ಬಿಡಿಸಿದ, 17 ಅಡಿಗೂ ಮಿಕ್ಕಿ ಉದ್ದದ ಬಿಳಿ ಅಮೃತಶಿಲೆ ಅದು. ಊರಿನ ಕೆಥೆಡ್ರಲ್ಲಿನ ಗೋಡೆಗೆ ಹೊರಗಿನಿಂದ ಆಸರೆ ಕೊಡುವ ದಪ್ಪ ಕಂಬಗಳ ನೆತ್ತಿಯ ಮೇಲೆ ಬೈಬಲ್ಲಿನ ಮಹಾಪುರುಷರನ್ನು ನಿಲ್ಲಿಸಬೇಕೆಂಬುದು ಕಟ್ಟಡ ಸಮಿತಿಯ ಹಳೆಯ ಆಸೆ. ಆ ಸಮಿತಿ ಇದ್ದದ್ದು ಪಾದ್ರಿಗಳ ಕೈಯಲ್ಲಲ್ಲ, ಉಣ್ಣೆ ವರ್ತಕರ ಸಂಘದ ಕೈಯಲ್ಲಿ. ಫ್ಲಾರೆನ್ಸಿನಲ್ಲಿ ದೇವರ ಕೆಲಸದ ಲೆಕ್ಕವನ್ನೂ ವ್ಯಾಪಾರಿಗಳೇ ಬರೆಯುತ್ತಿದ್ದರು.

1464ರಲ್ಲಿ ಅಗೊಸ್ತಿನೊ ದಿ ದುಚ್ಚೊ ಎಂಬ ಶಿಲ್ಪಿಗೆ ಕೆಲಸ ವಹಿಸಿದರು. ಅವನು ಕಲ್ಲನ್ನು ಅಲ್ಲಿಷ್ಟು ಇಲ್ಲಿಷ್ಟು ಒರಟಾಗಿ ಕೊರೆದು ಎರಡೇ ವರ್ಷಕ್ಕೆ ಬಿಟ್ಟುಹೋದ. ಹತ್ತು ವರ್ಷ ಕಳೆದ ಮೇಲೆ ಅಂತೋನಿಯೊ ರೊಸೆಲ್ಲಿನೊ ಎಂಬಾತನಿಗೆ ಒಪ್ಪಿಸಿದರು, ಅವನ ಕೈಯಲ್ಲೂ ಅದು ನಿಲ್ಲಲಿಲ್ಲ. ಆಮೇಲೆ ಸುಮಾರು ಕಾಲು ಶತಮಾನ ಆ ಬಂಡೆ ಸಮಿತಿಯ ಅಂಗಳದಲ್ಲಿ ಅಂಗಾತ ಬಿದ್ದಿತ್ತು. ಮಳೆ ಸುರಿಯಿತು, ಬಿಸಿಲು ಕಾಯಿತು. ಊರಿನವರು ಅದನ್ನು ದೈತ್ಯ ಎಂದೇ ಕರೆಯುತ್ತಿದ್ದರು. ಆ ದಿನಗಳ ಸಾಮಾನು ಪಟ್ಟಿಯಲ್ಲಿ, ಸರಿಯಾಗಿ ಕೊರೆಯದೆ ಮಲಗಿಸಿಟ್ಟಿರುವ ಡೇವಿಡ್ ಎಂಬ ಅಮೃತಶಿಲೆಯ ಆಕೃತಿ ಎಂಬ ಅರ್ಥದ ನಮೂದಿದೆ. ಆಕೃತಿ ಇನ್ನೂ ಇಲ್ಲ, ಹೆಸರು ಆಗಲೇ ಇತ್ತು.

1501ರ ಬೇಸಿಗೆಯಲ್ಲಿ ಸಮಿತಿಯವರು ಅದನ್ನು ಎತ್ತಿ ನಿಲ್ಲಿಸಿ ನೋಡಿದರು. ಆಗಸ್ಟ್ 16ರಂದು ಒಪ್ಪಂದ ಬರೆದುಕೊಟ್ಟದ್ದು 26 ವರ್ಷದ ಮೈಕೆಲ್ಯಾಂಜೆಲೊ ಬುವೊನರೋತಿಗೆ. ಅವನು ಆಗಷ್ಟೇ ರೋಮಿನಲ್ಲಿ ಪಿಯೆತಾ ಮುಗಿಸಿ ಹೆಸರು ಮಾಡಿ ಊರಿಗೆ ಮರಳಿದ್ದ. ಎರಡು ವರ್ಷ ಗಡುವು, ತಿಂಗಳಿಗೆ 6 ಫ್ಲೋರಿನ್ ಸಂಬಳ. ಕೆಲಸ ನೋಡಿದ ಮೇಲೆ ಒಟ್ಟು 400 ಫ್ಲೋರಿನ್ ಎಂದು ಗೊತ್ತುಮಾಡಿದರು. ಸೆಪ್ಟೆಂಬರ್ 13ರ ಸೋಮವಾರ ಬೆಳಗ್ಗೆ ಉಳಿ ಹಿಡಿದವನು ಸ್ವಲ್ಪ ದಿನದಲ್ಲೇ ಸುತ್ತ ಗೋಡೆ ಕಟ್ಟಿಸಿಕೊಂಡು ಒಳಗೆ ಸೇರಿಕೊಂಡ.

ಅವನಿಗಿದ್ದ ಕಷ್ಟ ಕಲ್ಲಿನ ಎತ್ತರದ್ದಲ್ಲ, ದಪ್ಪದ್ದು. ಬಂಡೆ ಅಗಲಕ್ಕಿಂತ ಬಲು ತೆಳುವಾಗಿತ್ತು. ಮೊದಲಿನವನು ಕೊರೆದ ಕಡೆಯಲ್ಲಿ ಇನ್ನಷ್ಟು ಸೊರಗಿತ್ತು. ಹಾಗಾಗಿ ಕೈಯನ್ನು ಮುಂದಕ್ಕೆ ಚಾಚಿಸುವಂತಿಲ್ಲ, ಕಾಲನ್ನು ದೂರಕ್ಕೆ ಇಡಿಸುವಂತಿಲ್ಲ, ಕೊಂದ ಗೊಲಯಾತನ ತಲೆಯನ್ನು ಕಾಲಡಿ ಇಡುವುದಕ್ಕೂ ಜಾಗವಿಲ್ಲ. ದೊನಾತೆಲ್ಲೊ, ವೆರೋಕ್ಕಿಯೊ ಮಾಡಿದ ಡೇವಿಡರ ಪಾದದ ಬಳಿ ಶತ್ರುವಿನ ರುಂಡ ಇದ್ದೇ ಇದೆ. ಇವನ ಕಾಲ ಬಳಿ ಇರುವುದು ಭಾರ ಹೊರಲು ಬಿಟ್ಟ ಮರದ ಬೊಡ್ಡೆಯೊಂದೇ. ಎಡ ಹೆಗಲ ಮೇಲೆ ಕವಣೆ, ಬಲಗೈ ಕೆಳಗೆ ಇಳಿಬಿದ್ದಿದೆ, ಹುಬ್ಬು ಗಂಟಿಕ್ಕಿದೆ. ಯುದ್ಧ ಮುಗಿದಿದೆಯೋ ಇನ್ನೂ ಆಗಬೇಕೋ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಇನ್ನೂ ಆಗಬೇಕು ಎನ್ನುವವರ ಕಡೆ ನಾನು. ಗೆದ್ದವನ ಕುತ್ತಿಗೆಯ ನರ ಹಾಗೆ ಬಿಗಿದಿರುವುದಿಲ್ಲ.

ನೆತ್ತಿಯ ಮೇಲೆ ಒಂದು ಕಡೆ ಕಲ್ಲು ಒರಟಾಗಿಯೇ ಉಳಿದಿದೆ, ಇದ್ದ ಅಷ್ಟೂ ಎತ್ತರವನ್ನು ಬಳಸಿಕೊಂಡೆ ಎಂದು ತೋರಿಸುವಂತೆ. ಒಟ್ಟು ಎತ್ತರ 5.17 ಮೀಟರ್. ಇಲ್ಲೊಂದು ತಮಾಷೆ ಇದೆ. ಜಗತ್ತಿನಲ್ಲಿ ಇಷ್ಟು ಬರೆಸಿಕೊಂಡ ಶಿಲ್ಪ ಇನ್ನೊಂದಿರಲಿಕ್ಕಿಲ್ಲ, ಆದರೂ 20ನೇ ಶತಮಾನದ ಕೊನೆಯವರೆಗೆ ಪಠ್ಯಪುಸ್ತಕಗಳು ಅದರ ಎತ್ತರ 4.34 ಮೀಟರ್ ಎಂದೇ ಅಚ್ಚುಹಾಕುತ್ತಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಲೇಸರ್ ಯಂತ್ರ ತಂದು ಅಳೆದಾಗ ಎರಡೂವರೆ ಅಡಿಗೂ ಹೆಚ್ಚು ವ್ಯತ್ಯಾಸ ಕಂಡಿತು. ಹೊಗಳುವ ಭರದಲ್ಲಿ ಯಾರೂ ಮತ್ತೊಮ್ಮೆ ದಾರ ಹಿಡಿದಿರಲಿಲ್ಲ.

1504ರ ಜನವರಿಗೆ ವಿಗ್ರಹ ಹೆಚ್ಚುಕಡಿಮೆ ಮುಗಿದಿತ್ತು. ಆರು ಟನ್ನಿನ ಆಸುಪಾಸು ತೂಗುವ ಇದನ್ನು ಅಷ್ಟೆತ್ತರದ ಕಂಬದ ನೆತ್ತಿಗೆ ಏರಿಸುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಇಷ್ಟು ಚೆಂದದ್ದನ್ನು ಕಣ್ಣಿಗೆ ಎಟುಕದ ಕಡೆ ಇಡಲು ಮನಸ್ಸೂ ಇರಲಿಲ್ಲ. ಹಾಗಾದರೆ ಎಲ್ಲಿ? ಅದಕ್ಕೆ ಉತ್ತರ ಹುಡುಕಿದ ಬಗೆ ತಿಳಿಯಬೇಕಾದರೆ ಆಗಿನ ಊರಿನ ಸ್ಥಿತಿ ತಿಳಿದಿರಬೇಕು.

ಅರವತ್ತು ವರ್ಷ ತೆರೆಮರೆಯಲ್ಲಿ ನಿಂತು ಊರಾಳಿದ ಮೆಡಿಚಿ ಮನೆತನವನ್ನು 1494ರ ನವೆಂಬರಿನಲ್ಲಿ ಜನ ಓಡಿಸಿದ್ದರು. ಫ್ರಾನ್ಸಿನ ರಾಜ ದಂಡು ಕಟ್ಟಿಕೊಂಡು ಇಟಲಿಗೆ ಇಳಿದಿದ್ದ ಸಮಯ ಅದು. ಆ ಗಲಾಟೆಯಲ್ಲೇ ಫ್ಲಾರೆನ್ಸಿನ ಅಧೀನದಲ್ಲಿದ್ದ ಪೀಸಾ ಕೈತಪ್ಪಿತು. ಆಮೇಲೆ ಊರು ಸವೊನರೋಲ ಎಂಬ ಸನ್ಯಾಸಿಯ ಮಾತಿಗೆ ಮರುಳಾಗಿ 1497ರಲ್ಲಿ ಕನ್ನಡಿ, ಒಡವೆ, ವಾದ್ಯ, ಚಿತ್ರಗಳನ್ನು ನಗರದ ನಡುವಿನ ಚೌಕದಲ್ಲಿ ಒಟ್ಟಿ ಸುಟ್ಟಿತು. ಮರುವರ್ಷ ಮೇ 23ರಂದು ಅದೇ ಚೌಕದಲ್ಲಿ ಆ ಸನ್ಯಾಸಿಯನ್ನೂ ಅವನ ಇಬ್ಬರು ಸಂಗಡಿಗರನ್ನೂ ನೇಣಿಗೆ ಹಾಕಿ ಸುಟ್ಟು ಬೂದಿಯನ್ನು ಆರ್ನೋ ನದಿಗೆ ಸುರಿಯಿತು. ಆ ಜಾಗದಲ್ಲಿ ಇಂದು ನೆಲದ ಮಟ್ಟಕ್ಕೆ ಒಂದು ದುಂಡು ಕಲ್ಲು ಹಾಸಿದ್ದಾರೆ. ಪ್ರವಾಸಿಗಳು ಅದನ್ನು ತುಳಿದುಕೊಂಡೇ ಹೋಗುತ್ತಾರೆ.

ಆ ಚೌಕದ ಹೆಸರು ಪಿಯಾತ್ಸಾ ದೆಲ್ಲಾ ಸಿನ್ಯೋರಿಯಾ. ಅದರ ಆಕಾರವೇ ಒಂದು ಹಗೆತನದ ಗುರುತು. 13ನೇ ಶತಮಾನದಲ್ಲಿ ಸೋತ ಪಂಗಡದ ಊಬೆರ್ತಿ ಮನೆತನದ ಮನೆಗಳನ್ನು ನೆಲಸಮ ಮಾಡಿ, ಇನ್ನು ಮುಂದೆ ಇಲ್ಲಿ ಯಾರೂ ಕಟ್ಟಕೂಡದು ಎಂದು ಗೆದ್ದವರು ಕಟ್ಟಪ್ಪಣೆ ಮಾಡಿದ್ದರು. 1299ರಲ್ಲಿ ಸರ್ಕಾರದ ಅರಮನೆ ಕಟ್ಟಲು ಹೊರಟಾಗ ಆ ಶಾಪಗ್ರಸ್ತ ನೆಲವನ್ನು ತಪ್ಪಿಸಿ ಕಟ್ಟಿದರಂತೆ. ಹೀಗಾಗಿ ಅರಮನೆ ಒಂದು ಮೂಲೆಗೆ ಸರಿದು ನಿಂತಿದೆ, ಎದುರಿನ ಬಯಲು ಎಲ್ ಅಕ್ಷರದ ಹಾಗೆ ಸೊಟ್ಟಗಿದೆ. ಪಕ್ಕದಲ್ಲಿ ಮೂರು ಭಾರಿ ಕಮಾನುಗಳ ಲೊಜಿಯಾ ಇದೆ. ಸರ್ಕಾರಿ ಸಮಾರಂಭಗಳು ಮಳೆಗೆ ನೆನೆಯದಿರಲಿ ಎಂದು 14ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಮಂಟಪ ಅದು.

ಮೆಡಿಚಿಗಳನ್ನು ಓಡಿಸಿದ ಮೇಲೆ ಗಣರಾಜ್ಯದವರು ಅವರ ಮನೆಯಿಂದ ದೊನಾತೆಲ್ಲೊನ ಎರಡು ಕಂಚಿನ ವಿಗ್ರಹಗಳನ್ನು ಹೊತ್ತು ತಂದಿದ್ದರು. ಡೇವಿಡ್ ಅರಮನೆಯ ಒಳ ಅಂಗಳಕ್ಕೆ ಹೋದ. ದಂಡನಾಯಕ ಹೊಲೊಫೆರ್ನಿಸನ ಕತ್ತು ಕತ್ತರಿಸುತ್ತಿರುವ ಜೂಡಿತ್ 1495ರಲ್ಲಿ ಅರಮನೆಯ ಬಾಗಿಲ ಮುಂದೆ ನಿಂತಳು. ಊರಿನ ಕ್ಷೇಮಕ್ಕೆ ನಿದರ್ಶನವಾಗಿ ಪ್ರಜೆಗಳು ಇದನ್ನು ಇಟ್ಟರು ಎಂಬ ಬರಹ ಪೀಠದ ಮೇಲೆ ಬಂತು. ದರ್ಪದವನ ತಲೆ ಉಳಿಯದು ಎಂಬ ಸೂಚನೆ ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

1504ರ ಜನವರಿ 25ರಂದು ಕಟ್ಟಡ ಸಮಿತಿ ಸಭೆ ಕರೆಯಿತು. ಬಂದವರು ಮೂವತ್ತರ ಆಸುಪಾಸು. ಲಿಯೊನಾರ್ಡೊ ಡಾ ವಿಂಚಿ, ಬೊಟ್ಟಿಚೆಲ್ಲಿ, ಫಿಲಿಪ್ಪಿನೊ ಲಿಪ್ಪಿ, ಪೆರುಜೀನೊ, ಪಿಯೆರೊ ದಿ ಕೊಸಿಮೊ, ಆಂದ್ರೆಯಾ ದೆಲ್ಲಾ ರೊಬ್ಬಿಯ, ವಾಸ್ತುಶಿಲ್ಪಿ ಜೂಲಿಯಾನೊ ದಾ ಸಂಗಾಲ್ಲೊ. ಇವರ ಜೊತೆಗೆ ಅಕ್ಕಸಾಲಿಗರು, ಮರಗೆಲಸದವರು, ಓಲಗ ಊದುವವನು. ಅಷ್ಟು ಮಂದಿ ಒಂದೇ ಕೋಣೆಯಲ್ಲಿ ಕುಳಿತು ಒಂದು ಕಲ್ಲಿನ ಬಗ್ಗೆ ಮಾತಾಡಿದ್ದು, ಬರೆಯುವವನು ಅದನ್ನು ಬರೆದಿಟ್ಟದ್ದು, ಆ ಕಾಗದ ಇಂದಿಗೂ ಉಳಿದಿರುವುದು ನಮ್ಮ ಭಾಗ್ಯ. ಡೇವಿಡ್ ಬಗ್ಗೆ ಬಂದಿರುವ ಪುಸ್ತಕಗಳನ್ನೆಲ್ಲ ಒಂದು ಕಡೆ ಇಟ್ಟು ಈ ನಡಾವಳಿಯನ್ನು ಇನ್ನೊಂದು ಕಡೆ ಇಟ್ಟರೆ ನಾನು ಎತ್ತಿಕೊಳ್ಳುವುದು ನಡಾವಳಿಯನ್ನು. ಅದರಲ್ಲಿ ಯಾರೂ ಕಲೆಯ ಬಗ್ಗೆ ಭಾಷಣ ಮಾಡುವುದಿಲ್ಲ. ಎಲ್ಲರಿಗೂ ಬೇರೆ ಬೇರೆ ಚಿಂತೆ.

ಮೊದಲು ಎದ್ದವನು ಸರ್ಕಾರದ ಘೋಷಕ ಫ್ರಾಂಚೆಸ್ಕೊ. ಸಮಾರಂಭ, ಶಕುನ, ಮರ್ಯಾದೆಗಳೆಲ್ಲ ಅವನ ಇಲಾಖೆ. ಜೂಡಿತ್ ಇರುವ ಜಾಗಕ್ಕೆ ಇವನನ್ನು ತನ್ನಿ ಎಂದ. ಅವನ ಪ್ರಕಾರ ಅವಳು ಸಾವಿನ ಕುರುಹು; ಹೆಂಗಸು ಗಂಡಸನ್ನು ಕೊಲ್ಲುವುದು ಊರಿಗೆ ಒಳ್ಳೆಯದಲ್ಲ; ಅವಳನ್ನು ನಿಲ್ಲಿಸಿದ ಗಳಿಗೆಯೇ ಕೆಟ್ಟದ್ದು, ಅಂದಿನಿಂದ ಊರಿನ ಸ್ಥಿತಿ ಹದಗೆಡುತ್ತಲೇ ಹೋಯಿತು, ಪೀಸಾ ಹೋಯಿತು. ಒಳ ಅಂಗಳದ ಡೇವಿಡ್ ಇರುವ ಜಾಗವಾದರೂ ಆದೀತು, ಅವನ ಒಂದು ಕಾಲು ಹೇಗೂ ಸರಿಯಾಗಿಲ್ಲ ಎಂದೂ ಸೇರಿಸಿದ. ಸೋತ ಯುದ್ಧದ ಅಪವಾದವನ್ನು ಕಂಚಿನ ಹೆಂಗಸಿನ ತಲೆಗೆ ಕಟ್ಟಿದ ಈ ಮನುಷ್ಯನನ್ನು ಕಂಡರೆ ನಗು ಬರುತ್ತದೆ. ಕೊನೆಗೆ ನಡೆದದ್ದು ಮಾತ್ರ ಅವನ ಮಾತೇ.

ಕಲಾವಿದರು ಬೇರೆ ದಿಕ್ಕಿಗೆ ಎಳೆದರು. ಕೊಸಿಮೊ ರೊಸೆಲ್ಲಿ, ಬೊಟ್ಟಿಚೆಲ್ಲಿ ಇಬ್ಬರೂ ಕೆಥೆಡ್ರಲ್ಲಿನ ಮೆಟ್ಟಿಲ ಬಳಿಯೇ ಇರಲಿ, ಹೋಗಿಬರುವವರಿಗೆ ಕಾಣುತ್ತದೆ ಎಂದರು. ಸಂಗಾಲ್ಲೊಗೂ ಮೊದಲು ಹಾಗೇ ಅನ್ನಿಸಿತ್ತಂತೆ. ಆದರೆ ಅವನು ಕಲ್ಲು ಬಲ್ಲವನು. ಈ ಅಮೃತಶಿಲೆ ಮೆದು, ಇಷ್ಟು ವರ್ಷ ಬಯಲಲ್ಲಿ ಬಿದ್ದು ಬಿಸಿಲು ಮಳೆಗೆ ಸತ್ವ ಕಳೆದುಕೊಂಡಿದೆ, ಮತ್ತೆ ಬಯಲಲ್ಲಿ ನಿಲ್ಲಿಸಿದರೆ ಬಾಳಿಕೆ ಬರುವುದಿಲ್ಲ, ಲೊಜಿಯಾದ ಮಾಡಿನ ಕೆಳಗೆ ಇಡಿ ಎಂದು ಬಿಟ್ಟ. ಸಭೆಯ ದಿಕ್ಕು ಬದಲಾಯಿತು, ಒಬ್ಬರ ಹಿಂದೆ ಒಬ್ಬರು ಲೊಜಿಯಾ ಎನ್ನತೊಡಗಿದರು. ಲಿಯೊನಾರ್ಡೊ ಕೂಡ ಹೌದೆಂದ. ಹಿಂಬದಿಯ ಗೋಡೆಯ ಹತ್ತಿರ, ಸಮಾರಂಭಗಳಿಗೆ ಅಡ್ಡಿಯಾಗದ ಹಾಗೆ, ಸಭ್ಯವಾದ ಅಲಂಕಾರದೊಡನೆ ಇರಲಿ ಎಂಬುದು ಅವನ ಸಲಹೆ. ಅವನಿಗೂ ಮೈಕೆಲ್ಯಾಂಜೆಲೊಗೂ ಆಗಿಬರುತ್ತಿರಲಿಲ್ಲ. ಹುಡುಗನ ದೈತ್ಯನನ್ನು ಹಿಂದಿನ ಗೋಡೆಗೆ ಒತ್ತುವ ಈ ಮಾತಿನಲ್ಲಿ ಹೊಟ್ಟೆಕಿಚ್ಚು ಕಾಣುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಲ್ಲಿನ ಬಗ್ಗೆ ಸಂಗಾಲ್ಲೊ ಹೇಳಿದ್ದನ್ನು ಕೇಳಿದ ಮೇಲೆ ಬುದ್ಧಿಯಿದ್ದ ಯಾರಾದರೂ ಅದನ್ನೇ ಹೇಳುತ್ತಿದ್ದರು.

ರಿಚ್ಚೊ ಎಂಬ ಅಡ್ಡಹೆಸರಿನ ಅಕ್ಕಸಾಲಿಗನೂ ಲೊಜಿಯಾ ಕಡೆಗೇ. ಅವನ ಕಾರಣ ಬೇರೆ: ನಾವು ಹೋಗಿ ಅದನ್ನು ನೋಡಬೇಕು, ಅದು ಬಂದು ನಮ್ಮನ್ನು ನೋಡಬಾರದು. ಓಲಗದ ಜೊವಾನ್ನಿ ಚೆಲ್ಲೀನಿ ಮಾತ್ರ ಅನುಮಾನ ಎತ್ತಿದ. ಲೊಜಿಯಾದಲ್ಲಿ ಸುತ್ತಲೂ ನೋಡಲಿಕ್ಕಾಗುವುದಿಲ್ಲ, ಮೇಲಾಗಿ ಯಾವನೋ ಕೇಡಿಗ ಕಬ್ಬಿಣದ ಸಲಾಕೆಯಿಂದ ಹೊಡೆದರೆ ಏನು ಗತಿ ಎಂದು ಕೇಳಿದ. ಅರಮನೆಯ ಒಳ ಅಂಗಳವೇ ವಾಸಿ ಎಂದು ಅವನ ಅಭಿಪ್ರಾಯ. ಆಗ ಅವನ ಮನೆಯಲ್ಲಿ ಮೂರು ವರ್ಷದ ಮಗನೊಬ್ಬನಿದ್ದ, ಹೆಸರು ಬೆನ್ವೆನೂತೊ. ಅವನ ವಿಷಯ ಮುಂದೆ ಬರುತ್ತದೆ. ಫಿಲಿಪ್ಪಿನೊ ಲಿಪ್ಪಿ, ಇನ್ನೂ ಕೆಲವರು ಎದ್ದು, ಮಾಡಿದವನನ್ನೇ ಕೇಳಿ, ಅವನು ಇದರ ಬಗ್ಗೆ ಹೆಚ್ಚು ಯೋಚಿಸಿರುತ್ತಾನೆ ಎಂದರು. ಮಾಡಿದವನನ್ನು ಸಭೆಗೆ ಕರೆದೇ ಇರಲಿಲ್ಲ.

ಸಭೆ ಮುಗಿಯಿತು, ತೀರ್ಮಾನ ಸರ್ಕಾರದ್ದಾಯಿತು. ಆಗ ಗಣರಾಜ್ಯದ ಆಜೀವ ಮುಖ್ಯಸ್ಥ ಪಿಯೆರೊ ಸೊದೆರೀನಿ. ಅವನ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದವನು ಮಾಕಿಯವೆಲ್ಲಿ. ಲೊಜಿಯಾವೂ ಬೇಡ, ಚರ್ಚೂ ಬೇಡ, ಅರಮನೆಯ ಬಾಗಿಲ ಪಕ್ಕ, ಜೂಡಿತ್ ಇದ್ದ ಕಡೆಗೇ ಎಂದು ಗೊತ್ತಾಯಿತು. ಕಲ್ಲಿಗೆ ಯಾವುದು ಕ್ಷೇಮ ಎಂದು ಬಲ್ಲವರು ಹೇಳಿಯಾಗಿತ್ತು. ಅದನ್ನು ಬದಿಗಿಟ್ಟದ್ದು ಮರೆವಿನಿಂದಲ್ಲ. ಮೆಡಿಚಿಗಳು ಹೊರಗೆ ಕಾಯುತ್ತಿದ್ದಾಗ, ಪೋಪನ ಮಗ ಚೇಸರೆ ಬೋರ್ಜಾ ತಂದಿಟ್ಟ ಗಾಬರಿ ಇನ್ನೂ ಆರದಿದ್ದಾಗ, ಕವಣೆ ಹಿಡಿದು ಬಾಗಿಲು ಕಾಯುವ ಹುಡುಗ ಅವರಿಗೆ ಬಾಗಿಲಲ್ಲೇ ಬೇಕಿದ್ದ.

ಮೇ 14ರ ಸಂಜೆ ವಿಗ್ರಹ ಹೊರಟಿತು. ಅಂಗಳದ ಬಾಗಿಲ ಮೇಲಿನ ಗೋಡೆ ಒಡೆಯಬೇಕಾಯಿತು. ಮರದ ಭಾರಿ ಚೌಕಟ್ಟಿನಲ್ಲಿ ಹಗ್ಗಗಳಿಂದ ತೂಗುಹಾಕಿದ್ದರು, ದಾರಿಯ ಕುಲುಕಿಗೆ ಕಲ್ಲು ಬಿರಿಯದೆ ತಾನೂ ಜೊತೆಗೆ ತೂಗಲಿ ಎಂದು. ಕೆಳಗೆ ಕೊಬ್ಬು ಸವರಿದ 14 ತೊಲೆಗಳು. ದಾಟಿದ ತೊಲೆಯನ್ನು ಎತ್ತಿ ಮುಂದೆ ಇಡುವುದು, ನಲವತ್ತಕ್ಕೂ ಹೆಚ್ಚು ಆಳುಗಳು ತಳ್ಳುವುದು. ಕಾಲ್ನಡಿಗೆಯಲ್ಲಿ ಹತ್ತು ನಿಮಿಷವೂ ಹಿಡಿಯದ ದಾರಿಗೆ ನಾಲ್ಕು ದಿನ ಬೇಕಾಯಿತು. ಲೂಕಾ ಲಾಂದೂಚ್ಚಿ ಎಂಬ ಔಷಧ ವ್ಯಾಪಾರಿ ದಿನಚರಿಯಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ರಾತ್ರಿ ಯಾರೋ ವಿಗ್ರಹಕ್ಕೆ ಕಲ್ಲು ಬೀಸಿದರು, ಕಾವಲು ಹಾಕಬೇಕಾಯಿತು ಎಂಬುದೂ ಅದರಲ್ಲಿದೆ. ಮೆಡಿಚಿ ಪಕ್ಷದ ಹುಡುಗರದೇ ಕೆಲಸ ಎಂದು ಇತಿಹಾಸಕಾರರು ಊಹಿಸುತ್ತಾರೆ. 18ರ ಮಧ್ಯಾಹ್ನ ಚೌಕ ತಲುಪಿದ ಡೇವಿಡ್ ಜೂನ್ 8ಕ್ಕೆ ಪೀಠ ಏರಿದ, ಸೆಪ್ಟೆಂಬರಿಗೆ ಎಲ್ಲ ಕೆಲಸವೂ ಮುಗಿಯಿತು. ಜೂಡಿತ್ ಜಾಗ ಬಿಟ್ಟುಕೊಟ್ಟು ಒಳಗೆ ಸರಿದಳು. ಇಂದು ನಾವು ಕಾಣುವ ಬರಿ ಬಿಳುಪು ಅಂದು ಇರಲಿಲ್ಲ: ಕವಣೆಗೆ, ಮರದ ಬೊಡ್ಡೆಗೆ ಚಿನ್ನದ ಲೇಪ, ಸೊಂಟಕ್ಕೆ ಲೋಹದ ಎಲೆಗಳ ಮಾಲೆ.

ಸೊದೆರೀನಿ ಬಂದು ಮೂಗು ಸ್ವಲ್ಪ ದಪ್ಪವಾಯಿತು ಎಂದನಂತೆ. ಮೈಕೆಲ್ಯಾಂಜೆಲೊ ಅಟ್ಟಣೆ ಹತ್ತಿ, ಕೈಯಲ್ಲಿ ಅಡಗಿಸಿಕೊಂಡ ಪುಡಿಯನ್ನು ಉದುರಿಸುತ್ತಾ ಉಳಿ ಆಡಿಸಿದ ಹಾಗೆ ನಟಿಸಿದನಂತೆ; ಈಗ ಜೀವ ಬಂತು ಎಂದು ಸೊದೆರೀನಿ ಸಂತೋಷಪಟ್ಟನಂತೆ. ಇದು ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ ಕಥೆ. ಅಧಿಕಾರಿಗಳ ಬಗ್ಗೆ ಕಲಾವಿದರು ಹೇಳಿಕೊಳ್ಳುವ ಕಥೆಗಳನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಬಹುದು.

ಗಣರಾಜ್ಯ ಹೆಚ್ಚು ಕಾಲ ಉಳಿಯಲಿಲ್ಲ. 1512ರಲ್ಲಿ ಸ್ಪೇನಿನ ಸೈನ್ಯದ ಬಲದಿಂದ ಮೆಡಿಚಿಗಳು ಮರಳಿ ಬಂದರು, ಸೊದೆರೀನಿ ಓಡಿದ, ಮಾಕಿಯವೆಲ್ಲಿ ಕೆಲಸ ಕಳೆದುಕೊಂಡ. ಡೇವಿಡ್ ಅಲ್ಲೇ ಇದ್ದ. ತಮ್ಮನ್ನು ಅಣಕಿಸಲು ಇಟ್ಟ ವಿಗ್ರಹವನ್ನು ಅವರು ತೆಗೆಸಲಿಲ್ಲ. ಬದಲಿಗೆ ಅದರ ಪಕ್ಕಕ್ಕೆ ತಮ್ಮದೊಂದನ್ನು ತರುವ ಉಪಾಯ ಮಾಡಿದರು.

ಈ ಎರಡನೆಯ ಕಲ್ಲಿನ ಕಥೆ ಮೊದಲನೆಯದಕ್ಕಿಂತ ಕಹಿ. ಡೇವಿಡ್‌ಗೆ ಜೊತೆಯಾಗಿ ಹರ್ಕ್ಯುಲಿಸನನ್ನು ಕೆತ್ತಿಸಬೇಕೆಂದು ಸೊದೆರೀನಿ 1508ರಲ್ಲೇ ಕರಾರಾದಲ್ಲಿ ಬಂಡೆ ಗೊತ್ತುಮಾಡಿಟ್ಟಿದ್ದ. ಅದು ಮೈಕೆಲ್ಯಾಂಜೆಲೊಗೆಂದೇ ಇಟ್ಟ ಕಲ್ಲು. ಬಂಡೆ ಫ್ಲಾರೆನ್ಸಿನತ್ತ ಬಂದದ್ದು 1525ರಲ್ಲಿ. ಆಗ ಮೆಡಿಚಿ ಮನೆತನದವನೇ ಪೋಪ್. ಅವನು ಅದನ್ನು ತನ್ನ ಕಡೆಯ ಬಾಚ್ಚೊ ಬಂದಿನೆಲ್ಲಿಗೆ ಕೊಡಿಸಿದ. ಸಾಗಿಸುವಾಗ ಕಲ್ಲು ಆರ್ನೋ ನದಿಗೆ ಬಿತ್ತು. ಮೈಕೆಲ್ಯಾಂಜೆಲೊನ ಕೈ ತಪ್ಪಿ ಬಂದಿನೆಲ್ಲಿಯ ಕೈಗೆ ಹೋಗುವ ಸುದ್ದಿ ಕೇಳಿ ಕಲ್ಲು ನೀರಿಗೆ ಹಾರಿ ಪ್ರಾಣ ಬಿಡಲು ನೋಡಿತು ಎಂದು ಊರಿನ ಕುಚೋದ್ಯಗಾರರು ಪದ್ಯ ಕಟ್ಟಿದರು.

1527ರಲ್ಲಿ ಮತ್ತೆ ದಂಗೆ. ಏಪ್ರಿಲ್ 26ರ ಶುಕ್ರವಾರ ಮೆಡಿಚಿ ವಿರೋಧಿಗಳು ಅರಮನೆ ಹಿಡಿದುಕೊಂಡು, ಬಾಗಿಲು ಒಡೆಯಲು ಬಂದವರ ಮೇಲೆ ಕಿಟಕಿಗಳಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಒಂದು ಬೆಂಚು ಡೇವಿಡ್‌ನ ಎಡಗೈಗೆ ಬಡಿದು ಕೈ ಮೂರು ತುಂಡಾಗಿ ಕೆಳಗೆ ಬಿತ್ತು. ಗಣರಾಜ್ಯದ ಕಾವಲುಗಾರನ ಕೈ ಮುರಿದದ್ದು ಗಣರಾಜ್ಯದವರೇ ಎಸೆದ ಬೆಂಚು. ತುಂಡುಗಳು ಮೂರು ದಿನ ಅಲ್ಲೇ ಬಿದ್ದಿದ್ದವು, ಸುತ್ತ ಸೈನಿಕರ ಕಾವಲು. ಇಬ್ಬರು ಹುಡುಗರು ನುಸುಳಿ ಹೋಗಿ ಅವನ್ನು ಆರಿಸಿಕೊಂಡು ಒಬ್ಬನ ಅಪ್ಪನ ಮನೆಯಲ್ಲಿ ಬಚ್ಚಿಟ್ಟರು. ಒಬ್ಬ ಮುಂದೆ ಚಿತ್ರಕಾರನಾದ ಸಾಲ್ವಿಯಾತಿ. ಇನ್ನೊಬ್ಬ ಹದಿನೈದು ವರ್ಷದ ವಸಾರಿ, ಮುಂದೆ ಇಟಲಿಯ ಕಲಾವಿದರೆಲ್ಲರ ಜೀವನಚರಿತ್ರೆ ಬರೆದವನು. ಕೈಯನ್ನು ಮತ್ತೆ ಜೋಡಿಸಿದ್ದು 1543ರಲ್ಲಿ. ಹದಿನಾರು ವರ್ಷ ಡೇವಿಡ್ ಒಂಟಿಕೈಯವನಾಗಿ ನಿಂತಿದ್ದ.

ಮರಳಿದ ಗಣರಾಜ್ಯ ಆ ಬಂಡೆಯನ್ನು ಬಂದಿನೆಲ್ಲಿಯಿಂದ ಕಿತ್ತು 1528ರಲ್ಲಿ ಮೈಕೆಲ್ಯಾಂಜೆಲೊಗೆ ಕೊಟ್ಟಿತು. ಅವನ ತಲೆಯಲ್ಲಿ ಸ್ಯಾಮ್ಸನ್ ಇದ್ದ. ಆದರೆ ಅಷ್ಟರಲ್ಲಿ ಊರಿಗೆ ಮುತ್ತಿಗೆ ಬಿತ್ತು, ಶಿಲ್ಪಿಯ ಪಾಲಿಗೆ ಕೋಟೆ ಭದ್ರಪಡಿಸುವ ಕೆಲಸ ಬಂತು. 1530ರಲ್ಲಿ ಫ್ಲಾರೆನ್ಸ್ ಶರಣಾಯಿತು. ಮೆಡಿಚಿಗಳು ಈ ಬಾರಿ ಬಂದದ್ದು ಡ್ಯೂಕರಾಗಲು. ಕಲ್ಲು ಮತ್ತೆ ಬಂದಿನೆಲ್ಲಿಗೇ ಹೋಯಿತು. 1534ರ ಮೇ ತಿಂಗಳಲ್ಲಿ ಕಾಕಸನೆಂಬ ದನಗಳ್ಳನನ್ನು ಕಾಲಡಿ ಹಾಕಿಕೊಂಡ ಹರ್ಕ್ಯುಲಿಸ್ ಬಾಗಿಲಿನ ಇನ್ನೊಂದು ಮಗ್ಗುಲಿಗೆ ಬಂದು ನಿಂತ. ಸಣ್ಣವನು ದೊಡ್ಡವನನ್ನು ಕೆಡವಿದ ಕಥೆ ಬಾಗಿಲಿನ ಒಂದು ಕಡೆ, ದೊಡ್ಡವನು ಸಣ್ಣವನನ್ನು ಚಚ್ಚುವ ಕಥೆ ಇನ್ನೊಂದು ಕಡೆ. ಊರಿನವರಿಗೆ ಅರ್ಥವಾಗದೆ ಇರಲಿಲ್ಲ. ವಿಗ್ರಹವನ್ನು ಹೀಯಾಳಿಸುವ ಪದ್ಯಗಳು ಬಂದು ಬಂದು ಬಿದ್ದವು. ಡ್ಯೂಕ್ ಅಲೆಸಾಂದ್ರೊ ಕೆಲವರನ್ನು ಜೈಲಿಗೆ ಹಾಕಿಸಿದ ಮೇಲೆ ನಿಂತವು.

ಅತ್ಯಂತ ಕೆಟ್ಟ ಬೈಗುಳ ಬಂದದ್ದು ತಡವಾಗಿ. ಓಲಗದವನ ಮಗ ಬೆನ್ವೆನೂತೊ ಚೆಲ್ಲೀನಿ ಬೆಳೆದು ಅಕ್ಕಸಾಲಿಗನಾಗಿ, ಶಿಲ್ಪಿಯಾಗಿ, ಜಗಳಗಂಟನಾಗಿ ಹೆಸರು ಮಾಡಿದ್ದ. ಡ್ಯೂಕ್ ಕೊಸಿಮೊನ ಸಮ್ಮುಖದಲ್ಲಿ, ಬಂದಿನೆಲ್ಲಿ ಎದುರಿಗಿದ್ದಾಗಲೇ, ಆ ಹರ್ಕ್ಯುಲಿಸನ ಮೈ ಗೋಡೆಗೆ ಒರಗಿಸಿಟ್ಟ ಕರಬೂಜದ ಮೂಟೆಯ ಹಾಗಿದೆ ಎಂದನಂತೆ. ತನ್ನ ಆತ್ಮಕಥೆಯಲ್ಲಿ ಅದನ್ನು ಸವಿದು ಸವಿದು ಬರೆದಿದ್ದಾನೆ. ಅವನೇ 1554ರಲ್ಲಿ ಲೊಜಿಯಾದ ಕಮಾನಿನಡಿ ಕಂಚಿನ ಪರ್ಸ್ಯೂಸನನ್ನು ನಿಲ್ಲಿಸಿದ, ಮೆದೂಸಾಳ ಕತ್ತರಿಸಿದ ತಲೆಯನ್ನು ಎತ್ತಿ ಹಿಡಿದವನು. ಮೆದೂಸಾಳ ಮುಖ ಕಂಡವರು ಕಲ್ಲಾಗುತ್ತಾರೆಂಬುದು ಪುರಾಣ. ಎದುರಿನಲ್ಲಿ ಡೇವಿಡ್ ಮತ್ತು ಹರ್ಕ್ಯುಲಿಸ್ ಇಬ್ಬರೂ ಕಲ್ಲಾಗಿ ನಿಂತೇ ಇದ್ದರು. ಅಪ್ಪ ಬೇಡವೆಂದ ಲೊಜಿಯಾದಲ್ಲೇ ಮಗನ ವಿಗ್ರಹ ಬೆಚ್ಚಗೆ ಉಳಿಯಿತು.

ಆಮೇಲಿನದನ್ನು ಬೇಗ ಹೇಳಿ ಮುಗಿಸಬಹುದು. ಅಮ್ಮನಾತಿಯ ನೆಪ್ಚೂನ್ ಕಾರಂಜಿ ಬಂತು; ಒಳ್ಳೆಯ ಕಲ್ಲು ಹಾಳಾಯಿತೆಂದು ಜನ ಅದನ್ನೂ ಬಿಡಲಿಲ್ಲ, ಬಿಳಿ ಗಡವ ಎನ್ನುವ ಅರ್ಥದ ಹೆಸರಿಟ್ಟರು. 1583ರಲ್ಲಿ ಲೊಜಿಯಾಕ್ಕೆ ಜಾಂಬೊಲೊನ್ಯನ ಮೂವರು ಬಂದರು: ಕೆಳಗೆ ಕುಸಿದ ಮುದುಕ, ಅವನ ಮೇಲೆ ದಾಟಿ ನಿಂತ ಯುವಕ, ಅವನ ತೋಳಿನಲ್ಲಿ ಕೈಚಾಚಿ ಕೊಸರುವ ಹೆಣ್ಣು. ಒಂದೇ ಬಂಡೆಯಲ್ಲಿ ಸುರುಳಿಯಾಗಿ ಮೇಲೇಳುವ ಈ ಕೆತ್ತನೆಗೆ ಎದುರು ಬದಿ, ಹಿಂಬದಿ ಎಂಬುದಿಲ್ಲ. ಸುತ್ತು ಬಂದಷ್ಟೂ ಬೇರೆ ಬೇರೆ. ಶಿಲ್ಪಿಗೆ ತನ್ನ ಕೈಚಳಕ ತೋರಿಸಬೇಕಿತ್ತಷ್ಟೆ, ಕಥೆ ಯಾವುದೆಂಬ ಯೋಚನೆಯೇ ಇರಲಿಲ್ಲ. ಸಬೈನ್ ಹೆಣ್ಣಿನ ಅಪಹರಣ ಎಂದು ಹೆಸರಿಟ್ಟವರು ಬೇರೆಯವರು. ಚೌಕದಲ್ಲಿ ಯಾರನ್ನೂ ಹೆದರಿಸಲು ಇಡದ ವಿಗ್ರಹ ಇದೊಂದೇ ಇರಬೇಕು, ಅಷ್ಟು ಹೊತ್ತಿಗೆ ಹೆದರಿಸಬೇಕಾದವರೂ ಉಳಿದಿರಲಿಲ್ಲ.

ಈ ನಡುವೆ ಸಂಗಾಲ್ಲೊ ಹೇಳಿದ ಮಳೆ ತನ್ನ ಕೆಲಸ ಮಾಡುತ್ತಲೇ ಇತ್ತು. ಅಮೃತಶಿಲೆ ಎಂದರೆ ಸುಣ್ಣದ ಅಂಶದ ಕಲ್ಲು. ಸ್ವಲ್ಪ ಹುಳಿಯಾದ ನೀರು ಬಿದ್ದರೂ ಮೇಲ್ಮೈ ಕರಗುತ್ತದೆ, ಸಣ್ಣ ಗುಳಿಗಳೇಳುತ್ತವೆ, ಗುಳಿಯಲ್ಲಿ ನಿಂತ ನೀರು ಇನ್ನಷ್ಟು ಕೊರೆಯುತ್ತದೆ. ಚಿನ್ನದ ಲೇಪ ಎಂದೋ ತೊಳೆದುಹೋಗಿತ್ತು. ಮಳೆ ಸಾಲದೆಂಬಂತೆ 1843ರಲ್ಲಿ ಸ್ವಚ್ಛಗೊಳಿಸುವ ನೆಪದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಉಜ್ಜಿದರು. ಮೂರು ಶತಮಾನದ ಹವೆ ಮಾಡದ ಹಾನಿಯನ್ನು ಒಂದು ರಿಪೇರಿ ಮಾಡಿತು ಎಂದರೆ ತೀರಾ ಉತ್ಪ್ರೇಕ್ಷೆಯಾಗಲಾರದು. ಕಾಲಿನ ಕೆಳಭಾಗದಲ್ಲಿ, ಮರದ ಬೊಡ್ಡೆಯಲ್ಲಿ ಸಣ್ಣ ಬಿರುಕುಗಳು ಕಂಡವು. ಸಮಿತಿಗಳ ಮೇಲೆ ಸಮಿತಿಗಳು ಕೂತವು. ಲೊಜಿಯಾಕ್ಕೆ ಸರಿಸೋಣ ಎಂಬ ಮಾತು ಮತ್ತೆ ಬಂತು, 1504ರಲ್ಲಿ ಲಿಯೊನಾರ್ಡೊ ಒಪ್ಪಿದ್ದ ಅದೇ ಮಾತು.

1873ರ ಬೇಸಿಗೆಯಲ್ಲಿ ಡೇವಿಡ್ ಚೌಕ ಬಿಟ್ಟ. ಈ ಬಾರಿ ತೊಲೆಗಳಿಲ್ಲ, ಬೀದಿಗೆ ಹಳಿ ಹಾಸಿದ್ದರು. ಆದರೆ ಮರದ ಚೌಕಟ್ಟಿನೊಳಗೆ ತೂಗುಹಾಕುವ ಹಳೆಯ ಉಪಾಯವೇ. ಕೆಲವು ದಿನ ಇಂಚಿಂಚಾಗಿ ಸಾಗಿ ಅಕಾಡೆಮಿಯಾ ಮ್ಯೂಸಿಯಮ್ಮು ಸೇರಿದ ವಿಗ್ರಹಕ್ಕೆ ಅಲ್ಲಿ ಮನೆ ಸಿದ್ಧವಿರಲಿಲ್ಲ. ವಾಸ್ತುಶಿಲ್ಪಿ ಎಮಿಲಿಯೊ ದೆ ಫಾಬ್ರಿಸ್ ಗಾಜಿನ ಬೆಳಕಿಂಡಿಯ ಗುಮ್ಮಟದ ಕೋಣೆ ಕಟ್ಟಿ ಮುಗಿಸುವವರೆಗೆ, ಅಂದರೆ 1882ರವರೆಗೆ, ಅದು ಮರದ ಪೆಟ್ಟಿಗೆಯಲ್ಲಿ ಬಂದಿಯಾಗಿತ್ತು. ರಿಚ್ಚೊನ ಆಸೆ ಅಂತೂ ಈಡೇರಿತು, ಈಗ ಟಿಕೆಟ್ಟು ಕೊಂಡು ಸಾಲಿನಲ್ಲಿ ನಿಂತು ನಾವೇ ಹೋಗಿ ನೋಡಬೇಕು. ಓಲಗದ ಜೊವಾನ್ನಿಯ ಅನುಮಾನವೂ ನಿಜವಾಯಿತು. 1991ರ ಸೆಪ್ಟೆಂಬರಿನಲ್ಲಿ ಒಬ್ಬ ಮನುಷ್ಯ ಅಂಗಿಯೊಳಗೆ ಸುತ್ತಿಗೆ ಅಡಗಿಸಿಕೊಂಡು ಬಂದು ಎಡಗಾಲಿನ ಒಂದು ಬೆರಳನ್ನು ಜಜ್ಜಿದ. ಆಗ ಉದುರಿದ ಚೂರುಗಳನ್ನು ಪರೀಕ್ಷಿಸಿದ್ದರಿಂದಲೇ ಈ ಕಲ್ಲು ಕರಾರಾದ ಫಾಂತಿಸ್ಕ್ರಿತಿ ಗಣಿಗಳದ್ದು ಎಂದು ವಿಜ್ಞಾನಿಗಳು ಗುರುತಿಸಿದರು.

ಚೌಕದಲ್ಲಿ ಖಾಲಿ ಬಿದ್ದ ಜಾಗಕ್ಕೆ 1910ರಲ್ಲಿ ಅಮೃತಶಿಲೆಯದೇ ಪ್ರತಿಯನ್ನು ತಂದು ನಿಲ್ಲಿಸಿದರು. ಇಂದು ಪಿಯಾತ್ಸಾಕ್ಕೆ ಹೋದವರು ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಳ್ಳುವುದು ಅದರ ಮುಂದೆ. ಜೂಡಿತ್‌ಳ ಕಂಚಿನ ಮೂಲ ಅರಮನೆಯ ಒಳಗಿದೆ, ಹೊರಗಿರುವವಳು ನಕಲು. ಮೂಲಗಳನ್ನು ಉಳಿಸಿಕೊಳ್ಳಬೇಕಾದರೆ ಬೇರೆ ದಾರಿಯಿಲ್ಲ, ಅದನ್ನು ದೂರಲಾರೆ. ಆದರೆ ಅರಮನೆಯ ಬಾಗಿಲಿನ ಬಲಬದಿಗೆ, ಅದೇ ಎತ್ತರದ, ಯಾರೂ ಹೆಚ್ಚು ಹೊತ್ತು ನೋಡದ ವಿಗ್ರಹವೊಂದಿದೆ. ಅದಕ್ಕೆ ಮ್ಯೂಸಿಯಮ್ಮಿನಲ್ಲಿ ಗುಮ್ಮಟ ಕಟ್ಟಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನಕಲು ಮಾಡಿಸುವ ಗೋಜಿಗೂ ಹೋಗಲಿಲ್ಲ. ಅದು ಆರ್ನೋ ನದಿಗೆ ಬಿದ್ದೆದ್ದು ಬಂದ, ಮೈಕೆಲ್ಯಾಂಜೆಲೊನ ಕೈಗೆ ಎರಡು ಸಲ ಬಂದು ಎರಡು ಸಲ ತಪ್ಪಿದ ಆ ಬಂಡೆಯೇ. ಬಂದಿನೆಲ್ಲಿಯ ಹರ್ಕ್ಯುಲಿಸ್ 1534ರಿಂದ ಇದ್ದ ಕಡೆಯೇ ಇದ್ದಾನೆ, ಬಿಸಿಲಿಗೆ ಮಳೆಗೆ ಮೈಯೊಡ್ಡಿಕೊಂಡು. ಫೋಟೋ ತೆಗೆದು ಮುಗಿದ ಮೇಲೆ ನಾಲ್ಕು ಹೆಜ್ಜೆ ಬಲಕ್ಕೆ ಸರಿದು ಅವನ ಬೆನ್ನಿನ ಗಂಟು ಗಂಟು ಮಾಂಸಖಂಡಗಳನ್ನು ನೋಡಿ. ಚೆಲ್ಲೀನಿಯ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಮತ್ಸರ ಎಂದು ಅಳೆಯಲು ಸಾಕ್ಷ್ಯ ಅಲ್ಲಿ ಇದ್ದಂತೆಯೇ ಇದೆ.